ಆಂಟಿಬಯಾಟಿಕ್ ಯಾವಾಗ ಬೇಕು, ಯಾವಾಗ ಬೇಡ: ಮುಂದಿನ ಸಾಂಕ್ರಾಮಿಕಕ್ಕೆ ಮೊದಲು ಮನೆಯಲ್ಲಿ ಮಾಡಿಕೊಳ್ಳಬೇಕಾದ ತಯಾರಿ

ನೆಗಡಿಗೆ ಆಂಟಿಬಯಾಟಿಕ್ ಕೆಲಸ ಮಾಡುತ್ತದಾ? 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 12 ದೇಶಗಳ ಸುಮಾರು 10,000 ಜನರಿಗೆ ಇಂಥ ಪ್ರಶ್ನೆಗಳನ್ನು ಕೇಳಿತ್ತು. ನೆಗಡಿ, ಫ್ಲೂಗೆ ಆಂಟಿಬಯಾಟಿಕ್ ತೆಗೆದುಕೊಳ್ಳಬಹುದು ಅಂದವರು 64%. ಅದು ತಪ್ಪು. ಎರಡೂ ವೈರಸ್‌ನಿಂದ ಬರುವ ಕಾಯಿಲೆಗಳು. ಆಂಟಿಬಯಾಟಿಕ್ ನಾಟುವುದು ಬ್ಯಾಕ್ಟೀರಿಯಾಕ್ಕೆ.

ಜನಕ್ಕೆ ಗೊತ್ತಿಲ್ಲ, ಹೇಳಿಕೊಟ್ಟರೆ ಸರಿಹೋಗುತ್ತದೆ ಅಂತ ಅನ್ನಿಸಬಹುದು. ಆದರೆ ಕೋವಿಡ್ ಕಾಲದಲ್ಲಿ ಏನಾಯಿತು ನೋಡಿ. ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕೂ ಇದ್ದು, ಆಂಟಿಬಯಾಟಿಕ್ ಬೇಕಾಗಿದ್ದವರು ಸುಮಾರು 8%. ಕೊಟ್ಟಿದ್ದು ಮಾತ್ರ ಹತ್ತಿರ ಹತ್ತಿರ ನಾಲ್ವರಲ್ಲಿ ಮೂವರಿಗೆ. ಇದು ವಿಶ್ವ ಆರೋಗ್ಯ ಸಂಸ್ಥೆಯೇ 2024ರಲ್ಲಿ ಕೊಟ್ಟ ಲೆಕ್ಕ. ಬರೆದುಕೊಟ್ಟ ಡಾಕ್ಟರುಗಳಿಗೆ ವೈರಸ್ ಯಾವುದು, ಬ್ಯಾಕ್ಟೀರಿಯಾ ಯಾವುದು ಅಂತ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹೆದರಿಕೆ ಆದಾಗ ಏನಾದರೂ ಕೊಡಲೇಬೇಕು ಅನ್ನಿಸುತ್ತದೆ. ಮನೆಯಲ್ಲೂ ಹಾಗೇ. ಮಗುವಿಗೆ ರಾತ್ರಿಯೆಲ್ಲ ಕೆಮ್ಮು ಬಂದರೆ ಓದಿದ್ದೆಲ್ಲ ಮರೆತುಹೋಗುತ್ತದೆ.

ಆದ್ದರಿಂದ ಕೆಳಗಿನ ಕೆಲಸಗಳನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ಮಾಡಿಟ್ಟುಕೊಳ್ಳಿ.

ಮೊದಲು ಒಂದು ಸಂಬಂಧ ಅರ್ಥ ಮಾಡಿಕೊಳ್ಳಿ

ಸಾಂಕ್ರಾಮಿಕ ತರುವುದು ಹೆಚ್ಚಾಗಿ ವೈರಸ್. ಹಾಗಿದ್ದ ಮೇಲೆ ಆಂಟಿಬಯಾಟಿಕ್ ಮಾತು ಇಲ್ಲಿ ಯಾಕೆ?

1918ರ ಫ್ಲೂನಲ್ಲಿ ಜಗತ್ತಿನಾದ್ಯಂತ ಸುಮಾರು 5 ಕೋಟಿ ಜನ ಸತ್ತರು ಅಂತ ಅಂದಾಜು. ಅವರಲ್ಲಿ ತುಂಬಾ ಜನರ ಪ್ರಾಣ ತೆಗೆದದ್ದು ಫ್ಲೂ ಒಂದೇ ಅಲ್ಲ. ವೈರಸ್ ಶ್ವಾಸಕೋಶವನ್ನು ಹಾಳು ಮಾಡಿದ ಮೇಲೆ, ಅದರ ಹಿಂದೆಯೇ ಬ್ಯಾಕ್ಟೀರಿಯಾ ಹೊಕ್ಕು ನ್ಯುಮೋನಿಯಾ ಆಯಿತು. ಆಗ ಕೊಡಲು ಔಷಧಿಯೇ ಇರಲಿಲ್ಲ. ಪೆನಿಸಿಲಿನ್ ಅನ್ನು ಅಲೆಕ್ಸಾಂಡರ್ ಫ್ಲೆಮಿಂಗ್ ಗಮನಿಸಿದ್ದೇ 1928ರಲ್ಲಿ.

ಈಗ ಔಷಧಿ ಇದೆ. ಆದರೆ ಅದು ಕೆಲಸ ಮಾಡುವುದು ನಿಲ್ಲುತ್ತಾ ಬಂದಿದೆ. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಸೋಂಕಿನಿಂದಲೇ ಸುಮಾರು 12.7 ಲಕ್ಷ ಜನ ಸತ್ತರು ಅಂತ ಜಾಗತಿಕ ಅಂದಾಜು ಇದೆ. ಮುಂದಿನ ಫ್ಲೂ ಸಾಂಕ್ರಾಮಿಕದಲ್ಲಿ ಬ್ಯಾಕ್ಟೀರಿಯಾ ನ್ಯುಮೋನಿಯಾ ಆದವರನ್ನು ಉಳಿಸಬೇಕಾದ್ದು ಇದೇ ಔಷಧಿಗಳು. ಈಗ ನೆಗಡಿಗೆ ಸುಮ್ನೆ ನುಂಗಿ ಅವುಗಳ ಶಕ್ತಿ ಕಳೆದರೆ ಆಗ ಏನು ಕೊಡುವುದು?

ಹೆಜ್ಜೆ 1: ನಿಮ್ಮ ನಂಬಿಕೆಗಳನ್ನೇ ಪರೀಕ್ಷಿಸಿ

ಮನೆಯವರನ್ನೆಲ್ಲ ಕೂರಿಸಿಕೊಂಡು ಈ ನಾಲ್ಕು ಮಾತು ಓದಿ ಹೇಳಿ. ಸರಿಯೋ ತಪ್ಪೋ ಅಂತ ಅವರೇ ಹೇಳಲಿ.

"ಕಫ ಹಸಿರಾದರೆ ಆಂಟಿಬಯಾಟಿಕ್ ಬೇಕೇ ಬೇಕು." ತಪ್ಪು. ಸೋಂಕಿನ ಜೊತೆ ಹೋರಾಡಿದ ಬಿಳಿ ರಕ್ತಕಣಗಳಿಂದ ಕಫಕ್ಕೆ ಆ ಬಣ್ಣ ಬರುತ್ತದೆ. ವೈರಸ್ ಇದ್ದರೂ ಬರುತ್ತದೆ. ಬಣ್ಣ ಒಂದನ್ನೇ ನೋಡಿ ಏನೂ ಹೇಳಲಾಗದು.

"ಜ್ವರ ಜಾಸ್ತಿ ಇದ್ದರೆ ಅದು ಬ್ಯಾಕ್ಟೀರಿಯಾ." ಇದೂ ತಪ್ಪು. ಫ್ಲೂ, ಡೆಂಗ್ಯೂ ಎರಡೂ ವೈರಸ್. ಎರಡರಲ್ಲೂ ಜ್ವರ 39, 40 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು.

"ಪದೇ ಪದೇ ತೆಗೆದುಕೊಂಡರೆ ನನ್ನ ದೇಹಕ್ಕೆ ಅಭ್ಯಾಸವಾಗಿ ಔಷಧಿ ಹತ್ತುವುದಿಲ್ಲ." ಅದೇ 2015ರ ಸಮೀಕ್ಷೆಯಲ್ಲಿ 76% ಜನ ಹೀಗೇ ನಂಬಿದ್ದರು. ಇದು ತುಂಬಾ ಅಪಾಯದ ತಪ್ಪು ಅಂತ ನನ್ನ ಅಭಿಪ್ರಾಯ. ಔಷಧಿಗೆ ಬಗ್ಗದೆ ಹೋಗುವುದು ಬ್ಯಾಕ್ಟೀರಿಯಾ, ನಿಮ್ಮ ದೇಹವಲ್ಲ. ಆ ಬ್ಯಾಕ್ಟೀರಿಯಾ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ಬಗ್ಗದಿರುವ ಗುಣದ ಜೀನ್‌ಗಳನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ಕೊಡಬಲ್ಲದು. ಹಾಗಾಗಿ "ನಾನು ಮಾತ್ರೆ ಮುಟ್ಟುವುದೇ ಇಲ್ಲ, ನನಗೇನೂ ಆಗಲ್ಲ" ಅನ್ನುವವರಿಗೂ ಇದು ತಟ್ಟಬಹುದು. ಆಗತಾನೇ ಹುಟ್ಟಿದ ಮಗುವಿಗೂ ತಟ್ಟಬಹುದು.

"ಆಂಟಿಬಯಾಟಿಕ್ ಕೊಟ್ಟರೆ ಲಾಭ ಆಗದಿದ್ದರೂ ನಷ್ಟವಂತೂ ಇಲ್ಲ." ನಷ್ಟ ಇದೆ. ಭೇದಿ, ದದ್ದು, ಒಮ್ಮೊಮ್ಮೆ ಪ್ರಾಣಕ್ಕೇ ಕುತ್ತಾಗುವ ಅಲರ್ಜಿ. ಹೊಟ್ಟೆಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ. ಬಗ್ಗದೆ ಉಳಿದವು ತಿಂಗಳುಗಟ್ಟಲೆ ನಿಮ್ಮೊಳಗೇ ಇರಬಹುದು.

ವೈರಸ್‌ಗೆ ಇದು ಯಾಕೆ ನಾಟುವುದಿಲ್ಲ ಅಂತ ಮಕ್ಕಳು ಕೇಳಿದರೆ ಹೀಗೆ ಹೇಳಿ: ಪೆನಿಸಿಲಿನ್ ಜಾತಿಯ ಔಷಧಿ ಬ್ಯಾಕ್ಟೀರಿಯಾದ ಕೋಶದ ಗೋಡೆಯನ್ನು ಕೆಡಿಸುತ್ತದೆ. ವೈರಸ್‌ಗೆ ಆ ಗೋಡೆಯೇ ಇಲ್ಲ. ಬೀಗವೇ ಇಲ್ಲದ ಕಡೆ ಕೀಲಿಕೈ ತಿರುಗಿಸಿದ ಹಾಗೆ.

ಹೆಜ್ಜೆ 2: ಔಷಧಿ ಡಬ್ಬ ತೆಗೆದು ಹೆಸರು ಓದಿ

ಮನೆಯಲ್ಲಿರುವ ಮಾತ್ರೆಗಳಲ್ಲಿ ಯಾವುದು ಆಂಟಿಬಯಾಟಿಕ್ ಅಂತ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಕಂಪನಿಯ ಹೆಸರು ದೊಡ್ಡದಾಗಿರುತ್ತದೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ನೋಡಿ.

ಹೆಸರು "ಸಿಲಿನ್" ಅಂತ ಮುಗಿದರೆ (ಅಮಾಕ್ಸಿಸಿಲಿನ್), "ಮೈಸಿನ್" ಅಂತ ಮುಗಿದರೆ (ಅಜಿತ್ರೊಮೈಸಿನ್), "ಫ್ಲಾಕ್ಸಾಸಿನ್" ಅಂತ ಮುಗಿದರೆ (ಸಿಪ್ರೊಫ್ಲಾಕ್ಸಾಸಿನ್), "ಸೈಕ್ಲಿನ್" ಅಂತ ಮುಗಿದರೆ (ಡಾಕ್ಸಿಸೈಕ್ಲಿನ್), ಅಥವಾ "ಸೆಫ್" ಅಂತ ಶುರುವಾದರೆ (ಸೆಫಿಕ್ಸಿಮ್) ಬಹುತೇಕ ಅದು ಆಂಟಿಬಯಾಟಿಕ್. ಮೆಟ್ರೊನಿಡಜೋಲ್ ಥರ ಈ ಲೆಕ್ಕಕ್ಕೆ ಸಿಗದವೂ ಇವೆ. ಅನುಮಾನ ಬಂದರೆ ಫಾರ್ಮಸಿಸ್ಟ್ ಹತ್ತಿರ ಕೇಳಿ.

ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಸೆಟಿರಿಜಿನ್ ಆಂಟಿಬಯಾಟಿಕ್ ಅಲ್ಲ. ಪ್ರೆಡ್ನಿಸೊಲೋನ್ ಸ್ಟೀರಾಯ್ಡ್. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ವೈರಸ್ ವಿರುದ್ಧದ ಔಷಧಿ. ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನೆಗಡಿಗೆ ಅಂತ ಮಾರುವ ಹಲವು ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಸೇರಿರುತ್ತದೆ. ಅದರ ಜೊತೆ ಜ್ವರಕ್ಕೆ ಅಂತ ಬೇರೆ ಪ್ಯಾರಾಸಿಟಮಾಲ್ ನುಂಗಿ ಅಳತೆ ಮೀರಿದರೆ ಲಿವರ್‌ಗೆ ಪೆಟ್ಟು.

ಹೆಜ್ಜೆ 3: ಯಾವ ಕಾಯಿಲೆ ಎಷ್ಟು ದಿನ ಅಂತ ಬರೆದು ಅಂಟಿಸಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂತಾದರೆ ಇದನ್ನು ಮಾಡಿ.

ಅಮೆರಿಕದ ಸಂಶೋಧಕರು 2013ರಲ್ಲಿ ಒಂದು ಸರಳ ವಿಷಯ ನೋಡಿದರು. ನೆಗಡಿಯ ಜೊತೆ ಬರುವ ಕೆಮ್ಮು ಎಷ್ಟು ದಿನ ಇರುತ್ತದೆ ಅಂತ ಜನರನ್ನು ಕೇಳಿದರೆ 7ರಿಂದ 9 ದಿನ ಅಂದರು. ನಿಜವಾಗಿ ಅದು ಸರಾಸರಿ 18 ದಿನ ಇರುತ್ತದೆ. ಈ ಎರಡರ ನಡುವಿನ ಅಂತರವೇ ತೊಂದರೆಯ ಮೂಲ. ಎಂಟನೇ ದಿನಕ್ಕೆ "ಇನ್ನೂ ಹೋಗಿಲ್ಲವಲ್ಲ" ಅಂತ ಗಾಬರಿಯಾಗುತ್ತದೆ. ಆಂಟಿಬಯಾಟಿಕ್ ಬರುತ್ತದೆ. ಮುಂದಿನ ವಾರ ಕೆಮ್ಮು ತನ್ನ ಪಾಡಿಗೆ ತಾನು ಇಳಿಯುತ್ತದೆ. ಹೆಸರು ಮಾತ್ರೆಗೆ ಹೋಗುತ್ತದೆ. ಮುಂದಿನ ಸಲ ಮೂರನೇ ದಿನಕ್ಕೇ ಅದೇ ಮಾತ್ರೆ ಕೇಳುತ್ತೇವೆ, ಅಲ್ವಾ?

ಚೀಟಿಯಲ್ಲಿ ಹೀಗೆ ಬರೆಯಿರಿ. ನೆಗಡಿ: 7ರಿಂದ 10 ದಿನ. ಗಂಟಲು ನೋವು: ಸುಮಾರು 1 ವಾರ. ಮಕ್ಕಳ ಕಿವಿ ನೋವು: ಸಾಮಾನ್ಯವಾಗಿ 3 ದಿನ, ಕೆಲವೊಮ್ಮೆ 1 ವಾರ. ಸೈನಸ್: 2ರಿಂದ 3 ವಾರ. ಕೆಮ್ಮು: 3 ವಾರ.

ಅಷ್ಟು ದಿನ ಡಾಕ್ಟರ ಹತ್ತಿರ ಹೋಗಬಾರದು ಅಂತ ಇದರ ಅರ್ಥ ಅಲ್ಲ. ಚೀಟಿಯ ಕೆಳಗೆ, ಕೆಂಪು ಶಾಯಿಯಲ್ಲಿ, ಕಾಯದೆ ಹೋಗಬೇಕಾದ ಸಂದರ್ಭಗಳನ್ನೂ ಬರೆಯಿರಿ:

- ಉಸಿರಾಟ ಕಷ್ಟ, ಎದೆ ನೋವು, ತುಟಿ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗುವುದು
- ಗೊಂದಲ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್
- ಜ್ವರದ ಜೊತೆ ಕತ್ತು ಬಿಗಿಯುವುದು, ಅಥವಾ ಒತ್ತಿದರೂ ಮಾಸದ ದದ್ದು
- 3 ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ
- ದಿನವಿಡೀ ಮೂತ್ರ ಹೋಗದಿರುವುದು, ನೀರೂ ಇಳಿಯದಿರುವುದು
- ಗುಣವಾದಂತೆ ಆಗಿ ಮತ್ತೆ ಜ್ವರ ಏರುವುದು

ಕೊನೆಯದನ್ನು ಜನ ತುಂಬಾ ಸಲ ಗಮನಿಸುವುದೇ ಇಲ್ಲ. ಫ್ಲೂ ಇಳಿದು ಎರಡು ದಿನ ಚೆನ್ನಾಗಿದ್ದು ಮತ್ತೆ ಜ್ವರ, ಕಫ ಶುರುವಾದರೆ ಬ್ಯಾಕ್ಟೀರಿಯಾ ನ್ಯುಮೋನಿಯಾ ಇರಬಹುದು. 1918ರ ಕಥೆಯೂ ಇದೇ. ಈಗ ಅದಕ್ಕೆ ಆಂಟಿಬಯಾಟಿಕ್ ಇದೆ, ಬೇಗ ಹೋದಷ್ಟೂ ಒಳ್ಳೆಯದು. ವಯಸ್ಸಾದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಈ ಪಟ್ಟಿಗೂ ಕಾಯದೆ ಮೊದಲೇ ಡಾಕ್ಟರನ್ನು ಕೇಳಬೇಕು.

ಹೆಜ್ಜೆ 4: ಡಾಕ್ಟರ ಮುಂದೆ ಏನು ಕೇಳಬೇಕು ಅಂತ ಮೊದಲೇ ಯೋಚಿಸಿ

"ಸ್ಟ್ರಾಂಗ್ ಆಗಿರೋದೇ ಕೊಡಿ ಡಾಕ್ಟ್ರೇ" ಅನ್ನುವ ಮಾತು ಬಿಟ್ಟುಬಿಡಿ. ರೋಗಿ ಆಂಟಿಬಯಾಟಿಕ್ ನಿರೀಕ್ಷಿಸುತ್ತಿದ್ದಾರೆ ಅನ್ನಿಸಿದರೆ ಡಾಕ್ಟರು ಅದನ್ನು ಬರೆದುಕೊಡುವುದು ಹೆಚ್ಚು. ನೀವು ಬಾಯಿಬಿಟ್ಟು ಕೇಳಬೇಕಂತಲೂ ಇಲ್ಲ. ಹಾಗಾಗಿ ನಿಮ್ಮ ನಿಲುವನ್ನು ನೀವೇ ಸ್ಪಷ್ಟವಾಗಿ ಹೇಳುವುದು ಒಳ್ಳೆಯದು: "ಬೇಕಿದ್ದರೆ ಮಾತ್ರ ಕೊಡಿ. ಬೇಡ ಅಂದರೆ ಕಾಯಲು ನಾನು ತಯಾರಿದ್ದೇನೆ." ಇಷ್ಟು ಕೇಳಿದರೆ ಎದುರಿಗಿರುವ ಡಾಕ್ಟರ ಮೇಲಿನ ಒತ್ತಡ ಎಷ್ಟೋ ಇಳಿಯುತ್ತದೆ.

ಆಮೇಲೆ ಕೇಳಬೇಕಾದ್ದು: ಇದು ವೈರಸ್ ಇರಬಹುದಾ, ಬ್ಯಾಕ್ಟೀರಿಯಾ ಇರಬಹುದಾ? ಯಾಕೆ ಹಾಗೆ ಅನ್ನಿಸುತ್ತದೆ? ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದಾ? ಎಷ್ಟು ದಿನ ಕಾಯಬಹುದು? ಏನಾದರೆ ವಾಪಸ್ ಬರಬೇಕು?

ಗಂಟಲು ನೋವನ್ನೇ ತೆಗೆದುಕೊಳ್ಳಿ. ಜ್ವರ ಇದೆ, ಕೆಮ್ಮು ಇಲ್ಲ, ಟಾನ್ಸಿಲ್ ಮೇಲೆ ಕೀವು ಇದೆ, ಕತ್ತಿನ ಮುಂಭಾಗದ ಗ್ರಂಥಿಗಳು ಊದಿ ನೋಯುತ್ತಿವೆ ಅಂದರೆ ಸ್ಟ್ರೆಪ್ ಬ್ಯಾಕ್ಟೀರಿಯಾ ಇರುವ ಸಾಧ್ಯತೆ ಜಾಸ್ತಿ. ಗಂಟಲಿನ ದ್ರವ ತೆಗೆದು ಕೆಲವೇ ನಿಮಿಷದಲ್ಲಿ ಮಾಡುವ ಪರೀಕ್ಷೆಯೂ ಇದೆ. ಅದೇ ಗಂಟಲು ನೋವಿನ ಜೊತೆ ಮೂಗು ಸೋರುತ್ತಿದ್ದು, ಕೆಮ್ಮಿದ್ದು, ಧ್ವನಿ ಒಡೆದಿದ್ದರೆ ಹೆಚ್ಚಾಗಿ ವೈರಸ್.

ಕೆಲವು ಕಡೆ ಡಾಕ್ಟರುಗಳು ಚೀಟಿ ಬರೆದುಕೊಟ್ಟು "ಈಗ ತಗೋಬೇಡಿ, ಇಷ್ಟು ದಿನದಲ್ಲಿ ಇಳಿಯದಿದ್ದರೆ ಶುರು ಮಾಡಿ" ಅನ್ನುತ್ತಾರೆ. ಇದು ಚೆನ್ನಾಗಿ ಪರೀಕ್ಷಿಸಿ ನೋಡಿದ ಕ್ರಮ. ಹೀಗೆ ಮಾಡಿದಾಗ ತುಂಬಾ ಜನಕ್ಕೆ ಆ ಮಾತ್ರೆ ಬೇಕಾಗುವುದೇ ಇಲ್ಲ. ನಿಮ್ಮ ಡಾಕ್ಟರನ್ನೂ ಹಾಗೆ ಮಾಡಬಹುದಾ ಅಂತ ಕೇಳಿ.

ಇನ್ನು "ಸ್ಟ್ರಾಂಗ್" ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2017ರಿಂದ ಆಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿದೆ. ಮೊದಲು ಬಳಸಬೇಕಾದವು, ಎಚ್ಚರದಿಂದ ಬಳಸಬೇಕಾದವು, ಬೇರೆ ಏನೂ ಕೆಲಸ ಮಾಡದಾಗ ತೆಗೆಯಬೇಕಾದವು. ಅಮಾಕ್ಸಿಸಿಲಿನ್ ಮೊದಲ ಗುಂಪಿನದು. ಜನ ಸಲೀಸಾಗಿ ಹೆಸರು ಹೇಳಿ ಕೊಂಡುಕೊಳ್ಳುವ ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್, ಸೆಫಿಕ್ಸಿಮ್ ಮೂರೂ ಎರಡನೇ ಗುಂಪಿನವು. ಕೊಲಿಸ್ಟಿನ್ ಮೂರನೆಯದು. ಸೋಂಕಿಗೆ ಸರಿಹೊಂದುವ ಔಷಧಿ ಅಂತ ಇರುತ್ತದೆ. ದುಬಾರಿಯದು, ಹೊಸದು ಅಂದ ಮಾತ್ರಕ್ಕೆ ಮೇಲಲ್ಲ.

ಪೆನಿಸಿಲಿನ್ ಅಲರ್ಜಿ ಇದೆ ಅಂತ ಚಿಕ್ಕಂದಿನಿಂದ ಹೇಳಿಕೊಂಡು ಬಂದವರಿಗೆ ಒಂದು ಮಾತು. ಅಮೆರಿಕದಲ್ಲಿ ನೂರಕ್ಕೆ ಸುಮಾರು 10 ಜನ ಹೀಗೆ ಹೇಳುತ್ತಾರೆ. ಪರೀಕ್ಷೆ ಮಾಡಿದರೆ ಅವರಲ್ಲಿ 90%ಕ್ಕೂ ಜಾಸ್ತಿ ಜನಕ್ಕೆ ಅಲರ್ಜಿ ಇರುವುದಿಲ್ಲ. ನೀವಾಗಿಯೇ ನುಂಗಿ ನೋಡಬೇಡಿ. ಡಾಕ್ಟರ ಕೈಯಲ್ಲಿ ಪರೀಕ್ಷೆ ಮಾಡಿಸಿಕೊಂಡರೆ ಮೊದಲ ಗುಂಪಿನ ಔಷಧಿಗಳು ನಿಮಗೂ ಸಿಗುತ್ತವೆ.

ಹೆಜ್ಜೆ 5: ಕೊಟ್ಟರೆ ಸರಿಯಾಗಿ ತೆಗೆದುಕೊಳ್ಳಿ

ಇಷ್ಟೆಲ್ಲ ಓದಿ ಆಂಟಿಬಯಾಟಿಕ್ ಅಂದರೆ ವಿಷ ಅಂತ ತಿಳಿಯಬೇಡಿ. ಬ್ಯಾಕ್ಟೀರಿಯಾ ನ್ಯುಮೋನಿಯಾ, ಮೂತ್ರಪಿಂಡದ ಸೋಂಕು, ಟೈಫಾಯ್ಡ್, ಸೋಂಕು ಕೈಮೀರಿ ಅಂಗಗಳೇ ಕೆಡುವ ಸೆಪ್ಸಿಸ್‌ನಲ್ಲಿ ಅದು ಜೀವ ಉಳಿಸುತ್ತದೆ. ಅಲ್ಲಿ ತಡ ಮಾಡುವುದೇ ತಪ್ಪು.

ಹೊತ್ತು ತಪ್ಪಿಸಬೇಡಿ. ದಿನಕ್ಕೆ ಮೂರು ಸಲ ಅಂದರೆ ನಡುವೆ ಹೆಚ್ಚುಕಡಿಮೆ ಒಂದೇ ಅಂತರ ಇರಲಿ. ಒಂದು ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನದರ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ನುಂಗಬೇಡಿ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಜೊತೆ ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಆಮ್ಲ ಶಮನಕ (ಆಂಟಾಸಿಡ್) ಸೇರಿದರೆ ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಡಾಕ್ಸಿಸೈಕ್ಲಿನ್ ನುಂಗಿದ ಮೇಲೆ ತುಂಬಾ ನೀರು ಕುಡಿದು ಅರ್ಧ ಗಂಟೆಯಾದರೂ ಮಲಗದೆ ಇರಿ. ಇಲ್ಲದಿದ್ದರೆ ಅನ್ನನಾಳ ಸುಡಬಹುದು. ಮಕ್ಕಳ ಸಿರಪ್ಪನ್ನು ಅಡುಗೆ ಚಮಚದಲ್ಲಿ ಅಳೆಯಬೇಡಿ. ಡಬ್ಬಿಯ ಜೊತೆ ಬಂದ ಅಳತೆಯನ್ನೇ ಬಳಸಿ. ನೀರು ಬೆರೆಸಿದ ಅಮಾಕ್ಸಿಸಿಲಿನ್ ಸಿರಪ್ 14 ದಿನ ದಾಟಿದ ಮೇಲೆ ಬೇಡ.

"ಕೋರ್ಸ್ ಪೂರ್ತಿ ಮಾಡಲೇಬೇಕಾ?" ಇದರ ಬಗ್ಗೆ ಡಾಕ್ಟರುಗಳ ನಡುವೆಯೇ ಚರ್ಚೆ ಇದೆ. ನ್ಯುಮೋನಿಯಾ ಸೇರಿದಂತೆ ಹಲವು ಸೋಂಕುಗಳಿಗೆ ಹಿಂದೆ ಕೊಡುತ್ತಿದ್ದುದಕ್ಕಿಂತ ಕಡಿಮೆ ದಿನ ಕೊಟ್ಟರೂ ಸಾಕು ಅಂತ ಈಗ ಗೊತ್ತಾಗಿದೆ. ಆದರೆ ಎಷ್ಟು ಕಡಿಮೆ ಅನ್ನುವುದು ಕಾಯಿಲೆಗೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಬೇಗ ಹುಷಾರಾದರೆ ನೀವೇ ನಿಲ್ಲಿಸದೆ "ಇನ್ನೂ ಬೇಕಾ" ಅಂತ ಫೋನ್ ಮಾಡಿ ಕೇಳಿ. ಕ್ಷಯ ಮಾತ್ರ ಬೇರೆ. ಅಲ್ಲಿ ತಿಂಗಳುಗಟ್ಟಲೆಯ ಚಿಕಿತ್ಸೆಯನ್ನು ನಡುವೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯವೇ ಮರಳಬಹುದು.

ಎರಡು ಮೂರು ದಿನವಾದರೂ ಏನೂ ಸುಧಾರಿಸದಿದ್ದರೆ ಡಾಕ್ಟರಿಗೆ ತಿಳಿಸಿ. ಮುಖ ಊದಿದರೆ, ಉಸಿರು ಕಟ್ಟಿದರೆ ನೇರ ಎಮರ್ಜೆನ್ಸಿಗೆ ಹೋಗಿ. ನೀರಿನಂಥ ಭೇದಿ ಪದೇ ಪದೇ ಆದರೆ, ರಕ್ತ ಕಂಡರೆ, ಅದು ಔಷಧಿ ನಿಲ್ಲಿಸಿದ ಕೆಲವು ವಾರದ ಮೇಲೆ ಆದರೂ ಹೇಳಲೇಬೇಕು.

ಹೆಜ್ಜೆ 6: ಉಳಿದದ್ದನ್ನು ಮನೆಯಲ್ಲಿ ಇಡಬೇಡಿ

ವಾಪಸ್ ತೆಗೆದುಕೊಳ್ಳುವ ಔಷಧಿ ಅಂಗಡಿ ಇದ್ದರೆ ಅಲ್ಲಿ ಕೊಡಿ. ಇಲ್ಲದಿದ್ದರೆ ತಿನ್ನಲು ಆಗದಂಥ ಕಸದ ಜೊತೆ ಬೆರೆಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ಸಿಂಕ್, ಕಮೋಡ್ ಬೇಡ, ಅದು ನೀರಿಗೆ ಸೇರುತ್ತದೆ. ಪಕ್ಕದ ಮನೆಯವರಿಗೆ "ನನಗೆ ಇದರಿಂದಲೇ ವಾಸಿಯಾಯಿತು" ಅಂತ ಕೊಡುವುದಂತೂ ಬೇಡವೇ ಬೇಡ.

ಹೆಜ್ಜೆ 7: ಸೋಂಕೇ ಬರದಂತೆ ನೋಡಿಕೊಳ್ಳಿ

ಬರದ ಸೋಂಕಿಗೆ ಮಾತ್ರೆ ಬೇಡ. ಸಾಂಕ್ರಾಮಿಕಕ್ಕೂ ಆಂಟಿಬಯಾಟಿಕ್ ಉಳಿಸುವುದಕ್ಕೂ ಒಂದೇ ತಯಾರಿ ಸಾಕಾಗುವುದು ಇಲ್ಲಿ.

ಲಸಿಕೆ ಮೊದಲು. ನ್ಯುಮೊಕಾಕಸ್ ಲಸಿಕೆ ನ್ಯುಮೋನಿಯಾ ತರುವ ಅದೇ ಹೆಸರಿನ ಬ್ಯಾಕ್ಟೀರಿಯಾವನ್ನು ನೇರವಾಗಿ ತಡೆಯುತ್ತದೆ. ಫ್ಲೂ ಲಸಿಕೆ ವೈರಸ್ ತಡೆದು, ಅದರ ಹಿಂದೆ ಬರುವ ಬ್ಯಾಕ್ಟೀರಿಯಾಕ್ಕೂ ದಾರಿ ಮುಚ್ಚುತ್ತದೆ. ಮನೆಯ ಹಿರಿಯರಿಗೆ, ಮಕ್ಕಳಿಗೆ ಯಾವುದು ಬಾಕಿ ಇದೆ ಅಂತ ಕೇಳಿ ಬರೆದಿಡಿ.

ಎರಡನೆಯದು ಗಾಳಿ. ಕೋವಿಡ್, ಫ್ಲೂ, ದಡಾರ ಹರಡುವುದರಲ್ಲಿ ಉಸಿರಿನ ಪಾತ್ರ ದೊಡ್ಡದು. ಆದರೆ 2020ರಲ್ಲಿ ಜನ ಮೇಜು ಒರೆಸಿದಷ್ಟು ಕಿಟಕಿ ತೆಗೆಯಲಿಲ್ಲ. ಎದುರುಬದುರು ಕಿಟಕಿ ತೆಗೆದರೆ ಗಾಳಿ ಬೇಗ ಬದಲಾಗುತ್ತದೆ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಬಂದರೆ ಕಿಟಕಿ ಇರುವ ಕೋಣೆ ಯಾವುದು, ಅವರನ್ನು ನೋಡಿಕೊಳ್ಳುವವರು ಯಾರು ಅಂತ ಈಗಲೇ ಮಾತಾಡಿಕೊಳ್ಳಿ. ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಒಂದಷ್ಟು ಇಟ್ಟುಕೊಳ್ಳಿ.

ಕೈಯನ್ನು ಸೋಪಿನಲ್ಲಿ 20 ಸೆಕೆಂಡ್ ತೊಳೆಯಿರಿ. ಸ್ಯಾನಿಟೈಸರ್ ಆದರೆ ಕನಿಷ್ಠ 60% ಆಲ್ಕೋಹಾಲ್ ಇರಲಿ. ಆದರೆ ವಾಂತಿ ಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟು ನಾಟುವುದಿಲ್ಲ. ಅಲ್ಲಿ ಸೋಪು, ನೀರೇ ಆಗಬೇಕು.

ಡಬ್ಬದಲ್ಲಿ ಇರಬೇಕಾದ್ದು: ಥರ್ಮಾಮೀಟರ್, ಪ್ಯಾರಾಸಿಟಮಾಲ್, ಒಆರ್‌ಎಸ್, ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ಮಟ್ಟ ನೋಡುವ ಸಾಧನ), ಮತ್ತು ಬಿಪಿ, ಶುಗರ್ ಥರದ ದಿನದ ಮಾತ್ರೆಗಳು ಎರಡು ವಾರಕ್ಕೆ ಆಗುವಷ್ಟು. ಆಕ್ಸಿಮೀಟರ್ 94%ಕ್ಕಿಂತ ಕೆಳಗೆ ತೋರಿಸುತ್ತಿದ್ದರೆ ಡಾಕ್ಟರನ್ನು ಸಂಪರ್ಕಿಸಿ. ಕಪ್ಪು ಬಣ್ಣದ ಚರ್ಮದಲ್ಲಿ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಹಾಗಾಗಿ ಅಂಕಿ ಚೆನ್ನಾಗಿದ್ದರೂ ಏದುಸಿರು ಇದ್ದರೆ ಏದುಸಿರನ್ನೇ ನಂಬಿ.

ಡಬ್ಬದಲ್ಲಿ ಇರಬಾರದ್ದು ಆಂಟಿಬಯಾಟಿಕ್. "ಯಾವುದಕ್ಕೂ ಇರಲಿ" ಅಂತ ಕೋವಿಡ್ ಕಾಲದಲ್ಲಿ ಅಜಿತ್ರೊಮೈಸಿನ್ ಕೂಡಿಟ್ಟವರು ಎಷ್ಟೋ ಜನ. ಬ್ರಿಟನ್ನಿನಲ್ಲಿ ನಡೆದ ರಿಕವರಿ ಎಂಬ ದೊಡ್ಡ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ 7,000ಕ್ಕೂ ಜಾಸ್ತಿ ಕೋವಿಡ್ ರೋಗಿಗಳನ್ನು ನೋಡಿದರು. ಅಜಿತ್ರೊಮೈಸಿನ್‌ನಿಂದ ಸಾವು ಕಡಿಮೆಯಾಗಲಿಲ್ಲ. ಅದೇ ಪ್ರಯೋಗದಲ್ಲಿ ಡೆಕ್ಸಾಮೆಥಸೋನ್ ಎಂಬ ಹಳೆಯ ಸ್ಟೀರಾಯ್ಡ್ ಆಕ್ಸಿಜನ್ ಬೇಕಾದವರ ಸಾವನ್ನು ಕಡಿಮೆ ಮಾಡಿತು. ಆಕ್ಸಿಜನ್ ಬೇಡದವರಿಗೆ ಅದರಿಂದ ಲಾಭ ಕಾಣಲಿಲ್ಲ. ಯಾವ ಔಷಧಿ, ಯಾರಿಗೆ, ಯಾವ ಹಂತದಲ್ಲಿ ಅನ್ನುವುದು ಇಂಥ ಪ್ರಯೋಗದಿಂದ ಗೊತ್ತಾಗಬೇಕೇ ಹೊರತು ಮೊಬೈಲಿಗೆ ಬಂದ ಮೆಸೇಜಿನಿಂದ ಅಲ್ಲ.

ಪ್ರಾಣಿ ಸಾಕುವವರಿಗೆ: ದನ, ಕೋಳಿ ಬೇಗ ದಪ್ಪವಾಗಲಿ ಅಂತ ಮೇವಿಗೆ ಆಂಟಿಬಯಾಟಿಕ್ ಬೆರೆಸುವುದನ್ನು ಯುರೋಪಿಯನ್ ಒಕ್ಕೂಟ 2006ರಲ್ಲೇ ನಿಲ್ಲಿಸಿದೆ. ನೀವೂ ಪಶುವೈದ್ಯರು ಹೇಳದೆ ಕೊಡಬೇಡಿ. ಹಕ್ಕಿಗಳು ಗುಂಪಾಗಿ ಸತ್ತು ಬಿದ್ದಿದ್ದರೆ ಹಕ್ಕಿಜ್ವರ ಇರಬಹುದು, ಬರಿಗೈಯಲ್ಲಿ ಮುಟ್ಟದೆ ಅಧಿಕಾರಿಗಳಿಗೆ ತಿಳಿಸಿ.

ಹೆಜ್ಜೆ 8: ಮನೆಯವರ ಜೊತೆ ವಾದ ಮಾಡದೆ ಮಾತಾಡಿ

ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ: "ನಲವತ್ತು ವರ್ಷದಿಂದ ಇದನ್ನೇ ತಗೊಂಡು ಬಂದಿದ್ದೀನಿ, ನಂಗೇನಾಗಿದೆ?" ಅವರಿಗೆ ಅಂಕಿ ಅಂಶ ಹೇಳಿದರೆ ಸಿಟ್ಟೇ ಜಾಸ್ತಿ ಆಗುತ್ತದೆ. ಬದಲಿಗೆ ಕೇಳಿ: "ಆ ಮಾತ್ರೆ ತಗೊಂಡಾಗ ಎಷ್ಟು ದಿನಕ್ಕೆ ವಾಸಿಯಾಯಿತು?" ಒಂದು ವಾರ ಅನ್ನುತ್ತಾರೆ. ಚೀಟಿ ತೋರಿಸಿ. ನೆಗಡಿಗೆ ಮಾತ್ರೆ ಇಲ್ಲದೆಯೂ ಅಷ್ಟೇ ದಿನ.

ಮಾತ್ರೆ ಬೇಡ ಅಂದಾಗ ಅದರ ಜಾಗದಲ್ಲಿ ಏನಾದರೂ ಮಾಡಲು ಕೊಡಿ. ಬೆಚ್ಚಗಿನ ನೀರು, ಉಪ್ಪು ನೀರಿನಲ್ಲಿ ಗಂಟಲು ಮುಕ್ಕಳಿಸುವುದು, ಮೂಗಿಗೆ ಸಲೈನ್ ಹನಿ, ಮೈಕೈ ನೋವಿಗೆ ಪ್ಯಾರಾಸಿಟಮಾಲ್, ಚೆನ್ನಾಗಿ ನಿದ್ದೆ. ಕೆಮ್ಮಿಗೆ ಜೇನುತುಪ್ಪವೂ ಸ್ವಲ್ಪ ಆರಾಮ ಕೊಡುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಕೊಡಲೇಬಾರದು, ಬೊಟುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಜ್ವರ ಎಷ್ಟಿತ್ತು, ಎಷ್ಟು ನೀರು ಕುಡಿದರು, ಉಸಿರಾಟ ಹೇಗಿತ್ತು ಅಂತ ದಿನಕ್ಕೆ ಎರಡು ಸಲ ಒಂದು ಹಾಳೆಯಲ್ಲಿ ಬರೆಯುವ ಕೆಲಸವನ್ನು ತುಂಬಾ ಗಾಬರಿಯಾಗುವವರಿಗೇ ವಹಿಸಿ. ಕೈಗೆ ಕೆಲಸ ಸಿಕ್ಕರೆ ಅವರ ಗಾಬರಿ ಇಳಿಯುತ್ತದೆ. ಡಾಕ್ಟರ ಹತ್ತಿರ ಹೋಗಬೇಕಾಗಿ ಬಂದರೆ ಆ ಹಾಳೆಯನ್ನು ಜೊತೆಗೆ ಒಯ್ಯಿರಿ.